ಕೊಳ್ಳುವುದು ಸುಲಭ, ಮಾರುವುದು ಕಷ್ಟ: ಪ್ರೇಮಚಂದ್ ರಾಯಚಂದ್ ಬದುಕಿನ ಪಾಠ

ಒಂದು ರೈಸ್ ಮಿಲ್ಲಿಗೆ ಹತ್ತು ಸಾವಿರ ಚೀಲ ಭತ್ತ ಬೇಕು ಅಂದುಕೊಳ್ಳಿ. ಮಿಲ್ಲಿನ ಮಾಲೀಕರು ಸಿರುಗುಪ್ಪದಿಂದ ನಮ್ಮ ಹಚ್ಚೊಳ್ಳಿಗೆ ಬಂದು, ನಡು ಊರಲ್ಲಿ ನಿಂತು, ಹತ್ತು ಸಾವಿರ ಚೀಲ ಬೇಕೆಂದು ಸಾರಿದರೆ ಏನಾಗುತ್ತದೆ? ಸಂಜೆಯೊಳಗೆ ಸುತ್ತಲಿನ ಹಳ್ಳಿಗಳಿಗೆಲ್ಲ ಸುದ್ದಿ ಮುಟ್ಟುತ್ತದೆ. ಮೊದಲ ಐನೂರು ಚೀಲ ಇವತ್ತಿನ ರೇಟಿಗೆ ಸಿಗಬಹುದು. ಕೊನೆಯ ಐನೂರು ಚೀಲಕ್ಕೆ ಬೇರೆಯದೇ ರೇಟು ಕೊಡಬೇಕಾಗುತ್ತದೆ. ಅದಕ್ಕೇ ವ್ಯಾಪಾರ ಬಲ್ಲವರು ಹಾಗೆ ಮಾಡುವುದಿಲ್ಲ. ಒಂದೊಂದು ಊರಿಗೆ ಒಬ್ಬೊಬ್ಬ ದಲ್ಲಾಳಿಯನ್ನು ಕಳಿಸಿ, ಇಲ್ಲಿ ಮುನ್ನೂರು, ಅಲ್ಲಿ ನಾನೂರು ಚೀಲ ಎಂದು ಸದ್ದಿಲ್ಲದೆ ಕೊಳ್ಳುತ್ತಾರೆ. ಮಾರುವಾಗಲೂ ಅಷ್ಟೇ. ಗೋದಾಮಿನ ಬಾಗಿಲು ಒಂದೇ ಸಲ ತೆರೆದರೆ ರೇಟು ನೆಲ ಕಚ್ಚುತ್ತದೆ.

ಷೇರುಪೇಟೆಯಲ್ಲಿ ಎಲ್‌ಐಸಿ, ಮ್ಯೂಚುವಲ್ ಫಂಡ್, ವಿದೇಶಿ ಹೂಡಿಕೆ ಸಂಸ್ಥೆಗಳು ದಿನವೂ ಎದುರಿಸುವುದು ಇದೇ ಸಮಸ್ಯೆಯನ್ನು. ನೂರಾರು ಕೋಟಿ ರೂಪಾಯಿಯ ಷೇರನ್ನು ಬೆಲೆ ಕದಲದಂತೆ ಕೊಳ್ಳುವುದು ಹೇಗೆ, ಮಾರುವುದು ಹೇಗೆ? ಈ ಪ್ರಶ್ನೆಗೆ ಇವತ್ತು ನಿಯಮಗಳಿವೆ, ಕಂಪ್ಯೂಟರ್‌ಗಳಿವೆ. ಇವು ಯಾವುವೂ ಇಲ್ಲದ ಕಾಲದಲ್ಲಿ ಇಡೀ ಮುಂಬೈ ಪೇಟೆಯನ್ನು ಕೈಯಲ್ಲಿ ಹಿಡಿದು ಆಡಿಸಿ, ಕೊನೆಗೆ ತಾವೂ ಮುಳುಗಿ, ಮತ್ತೆ ಎದ್ದು ನಿಂತ ಒಬ್ಬ ವ್ಯಕ್ತಿ ಇದ್ದರು. ಅವರೇ ಪ್ರೇಮಚಂದ್ ರಾಯಚಂದ್. ಮೊಬೈಲ್‌ನಲ್ಲಿ ಟ್ರೇಡಿಂಗ್ ಆ್ಯಪ್ ಇಟ್ಟುಕೊಂಡಿರುವ ನನ್ನ ವಯಸ್ಸಿನ ಗೆಳೆಯ ಗೆಳತಿಯರೆಲ್ಲ ಅವರ ಕಥೆಯನ್ನು ಒಮ್ಮೆ ಓದಬೇಕು.

ಇಂಗ್ಲಿಷ್ ಕಲಿತ ದಲ್ಲಾಳಿ

ಪ್ರೇಮಚಂದ್ ಹುಟ್ಟಿದ್ದು 1831ರಲ್ಲಿ, ಗುಜರಾತಿನ ಸೂರತ್‌ನ ಒಂದು ಜೈನ ಕುಟುಂಬದಲ್ಲಿ. ತಂದೆ ರಾಯಚಂದ್ ದೀಪಚಂದ್ ದೊಡ್ಡ ಶ್ರೀಮಂತರೇನಲ್ಲ, ಸಾಮಾನ್ಯ ವ್ಯಾಪಾರಿ. ಒಳ್ಳೆಯ ಬದುಕು ಹುಡುಕಿಕೊಂಡು ಕುಟುಂಬ ಮುಂಬೈಗೆ ಬಂತು. ಅಲ್ಲಿ ಹುಡುಗನಿಗೆ ಇಂಗ್ಲಿಷ್ ಶಿಕ್ಷಣ ಸಿಕ್ಕಿತು. ಮುಂದೆ ಅವರ ಬದುಕನ್ನೇ ಬದಲಿಸಿದ್ದು ಇದು.

ಆ ಕಾಲದ ಷೇರು ದಲ್ಲಾಳಿಗಳಿಗೆ ವ್ಯಾಪಾರ ಗೊತ್ತಿತ್ತು, ಇಂಗ್ಲಿಷ್ ಗೊತ್ತಿರಲಿಲ್ಲ. ಬ್ಯಾಂಕುಗಳೂ ಹತ್ತಿ ರಫ್ತು ಕಂಪನಿಗಳೂ ಯುರೋಪಿಯನ್ನರ ಕೈಯಲ್ಲಿದ್ದವು. ನಡುವೆ ಒಬ್ಬ ದುಭಾಷಿ ಬೇಕಾಗುತ್ತಿತ್ತು. ಇಪ್ಪತ್ತರ ಆಸುಪಾಸಿನಲ್ಲಿ ಒಬ್ಬ ದಲ್ಲಾಳಿಯ ಸಹಾಯಕರಾಗಿ ಸೇರಿದ ಪ್ರೇಮಚಂದ್, ಇಂಗ್ಲಿಷ್ ಓದಿ ಬರೆದು ಮಾತಾಡಬಲ್ಲ ಮೊದಲ ಭಾರತೀಯ ಷೇರು ದಲ್ಲಾಳಿ ಎಂದು ಹೆಸರಾದರು. ಸಾಹೇಬರ ಕಚೇರಿಗೆ ನೇರವಾಗಿ ಹೋಗಿ ಮಾತಾಡಬಲ್ಲವರು ಅವರೊಬ್ಬರೇ ಎಂಬಂತಾಯಿತು. ನೆನಪಿನ ಶಕ್ತಿಯೂ ಅಸಾಧಾರಣ. ದಿನವಿಡೀ ನಡೆದ ವ್ಯವಹಾರಗಳನ್ನು ತಲೆಯಲ್ಲೇ ಇಟ್ಟುಕೊಳ್ಳುತ್ತಿದ್ದರು ಎನ್ನುತ್ತಾರೆ.

ಆಗಿನ ಷೇರುಪೇಟೆಗೆ ಕಟ್ಟಡವೇ ಇರಲಿಲ್ಲ. ಮುಂಬೈ ಟೌನ್ ಹಾಲ್ ಎದುರಿನ ಆಲದ ಮರದ ಕೆಳಗೆ ದಲ್ಲಾಳಿಗಳು ಸೇರುತ್ತಿದ್ದರು. ನಮ್ಮೂರ ಕಟ್ಟೆಯ ಮೇಲೆ ದನದ ವ್ಯಾಪಾರ ಕುದುರಿದ ಹಾಗೆ ಅಲ್ಲಿ ಬ್ಯಾಂಕಿನ ಷೇರು ಕೈ ಬದಲಾಗುತ್ತಿತ್ತು. 1860ರಲ್ಲಿ ಅಲ್ಲಿದ್ದ ದಲ್ಲಾಳಿಗಳು ಸುಮಾರು 60 ಮಂದಿ.

ಅಮೆರಿಕದ ಯುದ್ಧ, ನಮ್ಮ ಎರೆ ಹೊಲದ ಹತ್ತಿ

1861ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಉತ್ತರದ ರಾಜ್ಯಗಳ ನೌಕಾಪಡೆ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿತು. ದಕ್ಷಿಣದ ಹತ್ತಿಯನ್ನೇ ನಂಬಿದ್ದ ಇಂಗ್ಲೆಂಡಿನ ಲ್ಯಾಂಕಶೈರ್ ಗಿರಣಿಗಳಿಗೆ ಕಚ್ಚಾಮಾಲು ಇಲ್ಲವಾಯಿತು. ಆಗ ಎಲ್ಲರ ಕಣ್ಣು ಬಿದ್ದಿದ್ದು ಭಾರತದ ಹತ್ತಿಯ ಮೇಲೆ.

ಈ ಕಥೆಯಲ್ಲಿ ಕರ್ನಾಟಕಕ್ಕೂ ಪಾಲಿದೆ. ಧಾರವಾಡ ಸೀಮೆಯಲ್ಲಿ 1840ರ ದಶಕದಿಂದಲೇ ಅಮೆರಿಕದ ಬೀಜ ಬಿತ್ತಿ ಬೆಳೆದ ಹತ್ತಿ, ಧಾರವಾಡ-ಅಮೆರಿಕನ್ ಎಂಬ ಹೆಸರಿನಲ್ಲೇ ಪೇಟೆಯಲ್ಲಿ ಗುರುತಾಗಿತ್ತು. ಆ ಹತ್ತಿಯನ್ನು ಘಟ್ಟ ಇಳಿಸಿ ಹಡಗು ಹತ್ತಿಸಲೆಂದು ಕಾರವಾರ ಬಂದರನ್ನು ಬೆಳೆಸುವ ಯೋಜನೆ ಆದದ್ದು ಈ ದಿನಗಳಲ್ಲೇ. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತ್ಯದಿಂದ ಬಿಡಿಸಿ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಹತ್ತಿ ವ್ಯಾಪಾರದ ಒತ್ತಾಯವಿತ್ತು. ಆಗ ಮದರಾಸು ಪ್ರಾಂತ್ಯದಲ್ಲಿದ್ದ ನಮ್ಮ ಬಳ್ಳಾರಿಯ ಎರೆ ಭೂಮಿಯೂ ಹತ್ತಿಗೆ ಹೆಸರಾದದ್ದೇ.

ಮುಂಬೈಯಲ್ಲಂತೂ ಹತ್ತಿಯ ಬೆಲೆ ಹಲವು ಪಟ್ಟು ಏರಿತು. ಹಾಸಿಗೆ, ದಿಂಬು ಬಿಚ್ಚಿ ಅದರೊಳಗಿನ ಹತ್ತಿಯನ್ನೂ ಮಾರಿದರೆಂಬ ಕಥೆ ಇಂದಿಗೂ ಉಳಿದಿದೆ. ಪ್ರೇಮಚಂದ್ ಈ ಏರಿಕೆಯ ನಡುಮಧ್ಯೆ ಇದ್ದರು. ಆಗ ಇಂಗ್ಲೆಂಡಿಗೂ ಮುಂಬೈಗೂ ತಂತಿ ಸಂಪರ್ಕ ಇನ್ನೂ ಬಂದಿರಲಿಲ್ಲ. ಲಿವರ್‌ಪೂಲ್ ಪೇಟೆಯ ದರ ತಿಳಿಯಬೇಕೆಂದರೆ ಅಂಚೆ ಹಡಗು ಬರಬೇಕು. ಪ್ರೇಮಚಂದ್ ಸಣ್ಣ ದೋಣಿಗಳಲ್ಲಿ ತಮ್ಮ ಜನರನ್ನು ಸಮುದ್ರಕ್ಕೆ ಕಳಿಸಿ, ಹಡಗು ದಡ ಸೇರುವ ಮೊದಲೇ ದರದ ಸುದ್ದಿ ತರಿಸಿಕೊಳ್ಳುತ್ತಿದ್ದರಂತೆ. ಉಳಿದವರಿಗೆ ಸುದ್ದಿ ಮುಟ್ಟುವ ಹೊತ್ತಿಗೆ ಅವರ ಖರೀದಿ ಮುಗಿದಿರುತ್ತಿತ್ತು. ದೊಡ್ಡ ವ್ಯಾಪಾರದ ಮೊದಲ ಗುಟ್ಟು ಇದೇ. ನೀವು ಕೊಳ್ಳುತ್ತಿರುವುದು ಇತರರಿಗೆ ಗೊತ್ತಾಗುವ ಮೊದಲೇ ಕೊಂಡು ಮುಗಿಸಿರಬೇಕು.

ನಾನೂರು ಷೇರುಗಳ ಹರಾಜು

ಹತ್ತಿಯಿಂದ ಬಂದ ಬೆಳ್ಳಿ ಎಲ್ಲಿ ಹೋಗಬೇಕು? ಹೊಸ ಹೊಸ ಕಂಪನಿಗಳಿಗೆ ಹೋಯಿತು. ಬ್ಯಾಂಕ್, ಹಣಕಾಸು ಕಂಪನಿ, ಹಡಗು ಕಂಪನಿ, ವಿಮಾ ಕಂಪನಿ, ಸಮುದ್ರ ಹೂಳಿ ನೆಲ ಮಾಡುವ ಕಂಪನಿ ಎಂದು ನಾಯಿಕೊಡೆಗಳ ಹಾಗೆ ಎದ್ದವು. ಅರವತ್ತಿದ್ದ ದಲ್ಲಾಳಿಗಳ ಸಂಖ್ಯೆ 200 ದಾಟಿತು. ಇವರೆಲ್ಲರ ನಡುವೆ ಪ್ರೇಮಚಂದ್ ಮಾತೇ ನಡೆಯುವ ಮಾತು. ಅವರು ಕೈಯಿಟ್ಟ ಷೇರು ಏರುತ್ತದೆ ಎಂಬ ನಂಬಿಕೆ ಬೆಳೆಯಿತು. ಏಷಿಯಾಟಿಕ್ ಬ್ಯಾಂಕಿನ ಹಿಂದೆ ಅವರಿದ್ದರು. ಸರ್ಕಾರದ ಪಾಲೂ ಇದ್ದ ಬ್ಯಾಂಕ್ ಆಫ್ ಬಾಂಬೆ ಅವರ ಶಿಫಾರಸಿನ ಮೇಲೆ ದೊಡ್ಡ ದೊಡ್ಡ ಸಾಲ ಕೊಟ್ಟಿತು. ಸಾಲಕ್ಕೆ ಅಡಮಾನವಾಗಿ ಇಟ್ಟಿದ್ದು ಏನನ್ನು? ಏರುತ್ತಿದ್ದ ಅದೇ ಷೇರುಗಳನ್ನು.

ಈ ಹುಚ್ಚಿನ ತುತ್ತತುದಿ ಬ್ಯಾಕ್ ಬೇ ರಿಕ್ಲಮೇಷನ್ ಕಂಪನಿ. ಮುಂಬೈನ ಪಶ್ಚಿಮ ದಡದಲ್ಲಿ ಸಮುದ್ರ ತುಂಬಿಸಿ ನೆಲ ಮಾಡುವುದು ಅದರ ಉದ್ದೇಶ. ಬಂಡವಾಳ 1 ಕೋಟಿ ರೂಪಾಯಿ. ತಲಾ 5,000 ರೂಪಾಯಿಯ 2,000 ಷೇರುಗಳು. ಅದರಲ್ಲಿ 400 ಷೇರುಗಳನ್ನು ಬೊಂಬಾಯಿ ಸರ್ಕಾರಕ್ಕೆಂದು ತೆಗೆದಿಡಲಾಗಿತ್ತು. ಮೇಲಿನ ಭಾರತ ಸರ್ಕಾರ ಇದಕ್ಕೆ ಒಪ್ಪಲಿಲ್ಲ. ಆಗ 1864ರಲ್ಲಿ ಆ 400 ಷೇರುಗಳನ್ನು ಬಹಿರಂಗ ಹರಾಜು ಹಾಕಿದರು. ಸಿಕ್ಕ ಹಣ 1 ಕೋಟಿ 6 ಲಕ್ಷ ರೂಪಾಯಿ. ಅಂದರೆ ಒಂದು ಷೇರಿಗೆ ಸರಾಸರಿ 26,500 ರೂಪಾಯಿ!

ಇಲ್ಲಿ ಸ್ವಲ್ಪ ನಿಂತು ಲೆಕ್ಕ ಹಾಕೋಣ. ಕಂಪನಿಯ ಐದರಲ್ಲಿ ಒಂದು ಪಾಲು ಮಾತ್ರ ಹರಾಜಾಯಿತು. ಅದೇ ಕಂಪನಿಯ ಪೂರ್ತಿ ಬಂಡವಾಳಕ್ಕಿಂತ ಹೆಚ್ಚು ಹಣ ತಂದಿತು. ಉಳಿದ 1,600 ಷೇರು ಇಟ್ಟುಕೊಂಡವರೆಲ್ಲ ಅವತ್ತು ರಾತ್ರಿ ತಮ್ಮ ತಮ್ಮ ಷೇರನ್ನು 26,500ರಿಂದ ಗುಣಿಸಿ, ತಾವು ಇಷ್ಟು ಶ್ರೀಮಂತರಾದೆವು ಎಂದುಕೊಂಡಿರಬೇಕು. ಬೆಲೆ ಅಲ್ಲಿಗೂ ನಿಲ್ಲಲಿಲ್ಲ. 5,000 ರೂಪಾಯಿಯ ಷೇರು ಸುಮಾರು 50,000 ರೂಪಾಯಿಯವರೆಗೆ ಏರಿತು. ಬ್ಯಾಂಕ್ ಆಫ್ ಬಾಂಬೆಯ 500 ರೂಪಾಯಿ ಷೇರು 2,850 ರೂಪಾಯಿ ಮುಟ್ಟಿತು.

ಆದರೆ ಆ ಬೆಲೆ ಹುಟ್ಟಿದ್ದು ಕೆಲವೇ ಷೇರುಗಳು ಕೈ ಬದಲಾದಾಗ. ಎಲ್ಲರೂ ಒಟ್ಟಿಗೆ ಮಾರಲು ಬಂದರೆ ಅದೇ ಬೆಲೆಗೆ ಕೊಳ್ಳುವವರು ಯಾರು? ಈ ಪ್ರಶ್ನೆ ಕೇಳುವ ತಾಳ್ಮೆ ಆಗ ಯಾರಿಗೂ ಇರಲಿಲ್ಲ. ಸದ್ದಿಲ್ಲದೆ ಕೊಳ್ಳುವುದನ್ನು ಬಲ್ಲ ಪ್ರೇಮಚಂದ್ ಅವರಿಗೂ ಸದ್ದಿಲ್ಲದೆ ಹೊರಬರುವ ದಾರಿ ಉಳಿದಿರಲಿಲ್ಲ. ಏಕೆಂದರೆ ಪೇಟೆಯ ಮೇಲೆ ಎಲ್ಲರಿಗೂ ಇದ್ದ ನಂಬಿಕೆಗೆ ಅವರ ಹೆಸರೇ ಆಧಾರ. ಅವರು ಮಾರುತ್ತಿದ್ದಾರೆಂಬ ಗುಸುಗುಸು ಹಬ್ಬಿದರೆ ಸಾಕು, ಕಟ್ಟಿದ್ದೆಲ್ಲ ಕುಸಿಯುತ್ತಿತ್ತು.

1865ರ ಜುಲೈ 1

1865ರ ಏಪ್ರಿಲ್ 9ರಂದು ಅಮೆರಿಕದ ದಕ್ಷಿಣ ಪಡೆಯ ಸೇನಾಪತಿ ರಾಬರ್ಟ್ ಲೀ ಶರಣಾದರು. ಯುದ್ಧ ಮುಗಿದ ಸುದ್ದಿ ಮುಂಬೈ ಮುಟ್ಟುತ್ತಲೇ ಹತ್ತಿಯ ಬೆಲೆ ಬಿತ್ತು. ಹತ್ತಿಯನ್ನು ನಂಬಿ ಸಾಲ ಪಡೆದವರು ಷೇರು ಮಾರಲು ಹೊರಟರು. ಕೊಳ್ಳುವವರೇ ಇಲ್ಲ.

ಇನ್ನೂ ದೊಡ್ಡ ಪೆಟ್ಟು ಮುಂದಿತ್ತು. ಆ ದಿನಗಳ ವ್ಯವಹಾರದಲ್ಲಿ ಬಹುಪಾಲು ವಾಯಿದೆ ವ್ಯವಹಾರ. ಕೈಯಲ್ಲಿ ಹಣವಿಲ್ಲದವರು ಮುಂದಿನ ತಾರೀಖಿಗೆ ಕೊಳ್ಳುತ್ತೇನೆ ಎಂದು, ಕೈಯಲ್ಲಿ ಷೇರಿಲ್ಲದವರು ಮುಂದಿನ ತಾರೀಖಿಗೆ ಕೊಡುತ್ತೇನೆ ಎಂದು ಒಪ್ಪಂದ ಮಾಡಿಕೊಂಡಿದ್ದರು. ಅಂಥ ನೂರಾರು ಒಪ್ಪಂದಗಳ ವಾಯಿದೆ ತೀರುವ ದಿನ 1865ರ ಜುಲೈ 1. ಆ ದಿನ ಬಂತು. ಕೊಳ್ಳುತ್ತೇನೆಂದವರ ಬಳಿ ಹಣವಿರಲಿಲ್ಲ. ಒಬ್ಬರು ತಪ್ಪಿದರೆ ಅವರನ್ನು ನಂಬಿದ ಇನ್ನೊಬ್ಬರು, ಅವರನ್ನು ನಂಬಿದ ಮತ್ತೊಬ್ಬರು ಎಂದು ಸಾಲು ಸಾಲಾಗಿ ದಿವಾಳಿಯಾದರು.

ಬ್ಯಾಂಕ್ ಆಫ್ ಬಾಂಬೆಯ 2,850 ರೂಪಾಯಿಯ ಷೇರು 87 ರೂಪಾಯಿಗೆ ಇಳಿಯಿತು. ಬ್ಯಾಕ್ ಬೇ ಷೇರು 2,000 ರೂಪಾಯಿಗೂ ಕೆಳಗೆ ಬಿತ್ತು. ಕಂಪನಿಗಳು ಬಾಗಿಲು ಹಾಕಿದವು. ಬ್ಯಾಂಕ್ ಆಫ್ ಬಾಂಬೆ 1868ರಲ್ಲಿ ಮುಚ್ಚಿತು. ಅದೇ ಹೆಸರಿನಲ್ಲಿ ಹೊಸ ಬ್ಯಾಂಕ್ ಕಟ್ಟಬೇಕಾಯಿತು. ಬ್ಯಾಂಕ್ ಹೇಗೆ ಮುಳುಗಿತು ಎಂಬ ಬಗ್ಗೆ ವಿಚಾರಣಾ ಆಯೋಗ ಕೂತಿತು. ಅಲ್ಲಿ ಮತ್ತೆ ಮತ್ತೆ ಬಂದ ಹೆಸರು ಪ್ರೇಮಚಂದ್ ಅವರದು. ಅವರನ್ನು ಬರೀ ಮಹಾತ್ಮರಂತೆ ಬಣ್ಣಿಸುವುದು ಇತಿಹಾಸಕ್ಕೆ ಮೋಸ. ಅವರ ಮಾತು ನಂಬಿ ಹಣ ಕಳೆದುಕೊಂಡ ವಿಧವೆಯರು, ಗುಮಾಸ್ತರು, ಸಣ್ಣ ವ್ಯಾಪಾರಿಗಳು ಆ ಊರಲ್ಲಿದ್ದರು.

ಬಿದ್ದ ಮೇಲೆ

ಪ್ರೇಮಚಂದ್ ಅವರೂ ಬಿದ್ದರು. ಮುಂಬೈಯ ಅತಿ ದೊಡ್ಡ ಶ್ರೀಮಂತರಾಗಿದ್ದವರು ಒಂದೆರಡು ವರ್ಷದಲ್ಲಿ ಸಾಲದಲ್ಲಿ ಮುಳುಗಿದರು. ಆಗಿನ್ನೂ ಅವರ ವಯಸ್ಸು ಮೂವತ್ತೈದರ ಆಸುಪಾಸು. ಊರು ಬಿಟ್ಟು ಓಡಬಹುದಿತ್ತು. ಹಾಗೆ ಮಾಡಲಿಲ್ಲ. ಮತ್ತೆ ದಲ್ಲಾಳಿ ಕೆಲಸಕ್ಕೆ ಕೂತು, ಈ ಸಲ ಹದವರಿತು ವ್ಯಾಪಾರ ಮಾಡುತ್ತ ಇನ್ನೂ ನಲವತ್ತು ವರ್ಷ ಬಾಳಿದರು.

ಏರಿಕೆಯ ದಿನಗಳಲ್ಲಿ ಕೊಟ್ಟ ದಾನಗಳಷ್ಟೇ ಕೊನೆಗೆ ಗಟ್ಟಿಯಾಗಿ ಉಳಿದವು. ಮುಂಬೈ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ 2 ಲಕ್ಷ, ಅದರ ಗಡಿಯಾರ ಗೋಪುರಕ್ಕೆ ಮತ್ತೆ 2 ಲಕ್ಷ ರೂಪಾಯಿ ಕೊಟ್ಟಿದ್ದರು. 1869ರಲ್ಲಿ ಅಡಿಗಲ್ಲು ಬಿದ್ದು 1878ರಲ್ಲಿ ಮುಗಿದ ಆ ಗೋಪುರಕ್ಕೆ ಅವರ ತಾಯಿ ರಾಜಬಾಯಿ ಅವರ ಹೆಸರು. ಕಣ್ಣು ಕಾಣದ ತಾಯಿಗೆ ಗಂಟೆಯ ಸದ್ದಿನಿಂದ ಹೊತ್ತು ತಿಳಿಯಲಿ, ಸೂರ್ಯ ಮುಳುಗುವ ಮೊದಲು ಊಟ ಮಾಡುವ ಜೈನ ವ್ರತ ತಪ್ಪದಿರಲಿ ಎಂದು ಕಟ್ಟಿಸಿದರೆಂಬ ಮಾತಿದೆ. ಕಲ್ಕತ್ತ ವಿಶ್ವವಿದ್ಯಾಲಯಕ್ಕೆ ಕೊಟ್ಟ 2 ಲಕ್ಷ ರೂಪಾಯಿಯಿಂದ ಶುರುವಾದ ಪ್ರೇಮಚಂದ್ ರಾಯಚಂದ್ ವಿದ್ಯಾರ್ಥಿವೇತನವನ್ನು ಆಶುತೋಷ್ ಮುಖರ್ಜಿ, ಜದುನಾಥ್ ಸರ್ಕಾರ್ ಅವರಂಥ ವಿದ್ವಾಂಸರು ಪಡೆದರು. ಇಂಗ್ಲಿಷ್ ಓದಿನಿಂದ ಮೇಲೆ ಬಂದವರು ತಮ್ಮ ಹಣವನ್ನು ಓದಿಗೇ ಹಿಂತಿರುಗಿಸಿದರು.

ಇನ್ನೊಂದು ಕೊಡುಗೆ ಇವೆಲ್ಲಕ್ಕಿಂತ ದೊಡ್ಡದಿರಬಹುದು. 1865ರ ಕುಸಿತದಿಂದ ದಲ್ಲಾಳಿಗಳು ಒಂದು ಪಾಠ ಕಲಿತಿದ್ದರು. ಆಲದ ಮರದ ಕೆಳಗಿನ ಬಾಯಿಮಾತಿನ ವ್ಯವಹಾರಕ್ಕೆ ಒಂದು ಕಟ್ಟುಪಾಡು ಬೇಕು ಎಂಬುದು ಆ ಪಾಠ. 1875ರ ಜುಲೈನಲ್ಲಿ 318 ಮಂದಿ ಸೇರಿ, ತಲಾ 1 ರೂಪಾಯಿ ಪ್ರವೇಶ ಶುಲ್ಕ ಕೊಟ್ಟು, ದೇಶೀಯ ಷೇರು ದಲ್ಲಾಳಿಗಳ ಸಂಘ ಕಟ್ಟಿದರು. ಅದರ ಸ್ಥಾಪಕರಲ್ಲಿ ಪ್ರೇಮಚಂದ್ ಒಬ್ಬರು. ಅದೇ ಮುಂದೆ ಬಾಂಬೆ ಸ್ಟಾಕ್ ಎಕ್ಸ್‌ಚೇಂಜ್, ನಾವು ದಿನವೂ ಸುದ್ದಿಯಲ್ಲಿ ಕೇಳುವ ಬಿಎಸ್‌ಇ ಆಯಿತು. 1906ರಲ್ಲಿ ಪ್ರೇಮಚಂದ್ ತೀರಿಕೊಂಡರು.

ಇಂದಿನ ದೊಡ್ಡವರು ಹೇಗೆ ಮಾಡುತ್ತಾರೆ?

ಪ್ರೇಮಚಂದ್ ಕಾಲದ ಕಷ್ಟ ಇಂದಿಗೂ ಹೋಗಿಲ್ಲ. ಒಂದು ಮ್ಯೂಚುವಲ್ ಫಂಡ್‌ಗೆ ಒಂದು ಕಂಪನಿಯ 20 ಲಕ್ಷ ಷೇರು ಮಾರಬೇಕಿದೆ ಎನ್ನಿ. ಆ ಷೇರು ದಿನಕ್ಕೆ ಒಟ್ಟು ಕೈ ಬದಲಾಗುವುದೇ 10 ಲಕ್ಷ. ಒಂದೇ ಸಲ ಮಾರಲು ಹೊರಟರೆ ಬೆಲೆ ಅವರ ಕೈಯಿಂದಲೇ ಬೀಳುತ್ತದೆ. ಅದಕ್ಕೆ ಈಗ ಮುಖ್ಯವಾಗಿ ಮೂರು ದಾರಿಗಳಿವೆ.

ಮೊದಲನೆಯದು, ಚೂರು ಮಾಡಿ ಮಾರುವುದು. ದೊಡ್ಡ ಆರ್ಡರನ್ನು ಕಂಪ್ಯೂಟರ್ ಪ್ರೋಗ್ರಾಂ ಸಾವಿರಾರು ಸಣ್ಣ ಆರ್ಡರುಗಳಾಗಿ ಒಡೆದು, ದಿನವಿಡೀ ಅಥವಾ ಹಲವು ದಿನ, ವಹಿವಾಟು ಹೆಚ್ಚಿರುವ ಹೊತ್ತಿನಲ್ಲಿ ಹೆಚ್ಚು, ಕಡಿಮೆ ಇರುವಾಗ ಕಡಿಮೆ ಬಿಡುತ್ತದೆ. ದಿನದ ಸರಾಸರಿ ಬೆಲೆಯಾದರೂ ಕೈಗೆ ಸಿಕ್ಕಿತೇ ಎಂಬುದು ಇಲ್ಲಿ ಅಳತೆಗೋಲು. ಊರೂರಿಗೆ ದಲ್ಲಾಳಿ ಕಳಿಸಿದ ಮಿಲ್ ಮಾಲೀಕರ ಉಪಾಯವೇ ಇದು.

ಎರಡನೆಯದು, ಪೂರ್ತಿ ಆರ್ಡರ್ ತೋರಿಸದಿರುವುದು. ಎನ್‌ಎಸ್‌ಇಯಲ್ಲಿ ಆರ್ಡರಿನ ಕನಿಷ್ಠ ಶೇ 10ರಷ್ಟು ಭಾಗ ತೋರಿಸಿದರೆ ಸಾಕು. ಅದು ಮಾರಾಟವಾದ ಹಾಗೆ ಉಳಿದದ್ದು ಕಂತು ಕಂತಾಗಿ ಹೊರಬರುತ್ತದೆ.

ಮೂರನೆಯದು ಬ್ಲಾಕ್ ಡೀಲ್. ಬೆಳಿಗ್ಗೆ ಮತ್ತು ಮಧ್ಯಾಹ್ನ ತಲಾ 15 ನಿಮಿಷದ ಪ್ರತ್ಯೇಕ ಅವಧಿಯಲ್ಲಿ, ದೊಡ್ಡ ಮಾರಾಟಗಾರರೂ ದೊಡ್ಡ ಕೊಳ್ಳುಗರೂ ನಿಗದಿತ ಬೆಲೆ ಮಿತಿಯೊಳಗೆ ಒಂದೇ ಏಟಿಗೆ ವ್ಯವಹಾರ ಮುಗಿಸುತ್ತಾರೆ. ಇದಕ್ಕೆ ಕನಿಷ್ಠ ಮೊತ್ತ 10 ಕೋಟಿ ರೂಪಾಯಿ ಇತ್ತು. ಅದನ್ನು 25 ಕೋಟಿಗೆ ಏರಿಸಲು ಸೆಬಿ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿತು. ಇಲ್ಲಿ ಷೇರನ್ನು ನಿಜವಾಗಿ ಕೊಡಲೇಬೇಕು, ಹಣ ತೆರಲೇಬೇಕು. 1865ರ ವಾಯಿದೆಯಂತೆ ಬರೀ ಬಾಯಿಮಾತು ನಡೆಯುವುದಿಲ್ಲ.

ದೋಣಿಯಲ್ಲಿ ಹೋಗಿ ಸುದ್ದಿ ತಂದ ಪ್ರೇಮಚಂದ್ ಅವರದು ಆ ಕಾಲಕ್ಕೆ ಜಾಣತನ. ಆದರೆ ಇವತ್ತು ಸಂಸ್ಥೆಯೊಂದರ ದೊಡ್ಡ ಆರ್ಡರ್ ಬರಲಿದೆ ಎಂದು ಒಳಗಿನವರಿಂದ ತಿಳಿದು, ಅದಕ್ಕೂ ಮೊದಲೇ ತಾನು ಕೊಂಡರೆ ಅದು ಅಪರಾಧ. ಇದನ್ನು ಫ್ರಂಟ್ ರನ್ನಿಂಗ್ ಎನ್ನುತ್ತಾರೆ. ಸೆಬಿ ಇಂಥವರನ್ನು ಹಿಡಿದು ದಂಡ ಹಾಕುತ್ತದೆ, ಪೇಟೆಯಿಂದ ಹೊರಗಿಡುತ್ತದೆ.

ನಮಗೇನು ಇದರಿಂದ?

ನಮಗೆ 25 ಕೋಟಿಯ ಚಿಂತೆ ಇಲ್ಲ, ನಿಜ. ಡಿಗ್ರಿ ಮುಗಿಸಿ ಪಿಡಿಒ, ಕೆಎಎಸ್, ಬ್ಯಾಂಕ್ ಪರೀಕ್ಷೆ ಎಂದು ಓದುತ್ತಿರುವ ನಮ್ಮಲ್ಲಿ ಬಹಳ ಜನರ ಖಾತೆಯಲ್ಲಿರುವುದು ಮನೆಯವರು ಕೋಚಿಂಗ್‌ಗೆ ಕೊಟ್ಟ ಹಣ. ಅದಕ್ಕೇ ಇದು ಮುಖ್ಯ. ಸೆಬಿ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟು ಮಾಡಿದ ವ್ಯಕ್ತಿಗಳಲ್ಲಿ ಶೇ 93ರಷ್ಟು ಮಂದಿ ನಷ್ಟ ಅನುಭವಿಸಿದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಫ್ಯೂಚರ್ಸ್ ಎಂದರೆ 1865ರ ಅದೇ ವಾಯಿದೆಯ ಮೊಮ್ಮಗ. ಎದುರಿಗೆ ಕೂತಿರುವವರು ಆರ್ಡರ್ ಒಡೆಯಲು ಕಂಪ್ಯೂಟರ್ ಇಟ್ಟುಕೊಂಡ ಸಂಸ್ಥೆಗಳು.

ಟೆಲಿಗ್ರಾಂ ಗುಂಪಿನಲ್ಲಿ ಯಾರೋ ಸೂಚಿಸಿದ ಸಣ್ಣ ಕಂಪನಿಯ ಷೇರು ದಿನಾ ಏರುತ್ತಿದ್ದರೆ, ಕೊಳ್ಳುವ ಮೊದಲು ಆ ಷೇರು ದಿನಕ್ಕೆ ಎಷ್ಟು ಕೈ ಬದಲಾಗುತ್ತದೆ ನೋಡಿ. ವಹಿವಾಟು ತೀರ ಕಡಿಮೆ ಇದ್ದರೆ, ಪರದೆಯ ಮೇಲಿನ ಬೆಲೆ ಬ್ಯಾಕ್ ಬೇ ಹರಾಜಿನ ಬೆಲೆ ಇದ್ದಂತೆ. ಕೆಲವೇ ಷೇರು ಕೊಂಡು ಏರಿಸಿದವರು ಮಾರಲು ಕಾಯುತ್ತಿರುವುದು ನಮಗೇ ಇರಬಹುದು. ಒಬ್ಬರೇ ಒಂದು ದಿನದಲ್ಲಿ ಕಂಪನಿಯ ಶೇ 0.5ಕ್ಕಿಂತ ಹೆಚ್ಚು ಷೇರಿನ ವಹಿವಾಟು ನಡೆಸಿದರೆ, ಅದನ್ನು ಬಲ್ಕ್ ಡೀಲ್ ಎಂದು ಬಿಎಸ್‌ಇ, ಎನ್‌ಎಸ್‌ಇಗಳು ಅದೇ ದಿನ ಹೆಸರು ಸಮೇತ ಪ್ರಕಟಿಸುತ್ತವೆ. ಅದನ್ನು ನೋಡಲು ಹಣ ಕೊಡಬೇಕಿಲ್ಲ. ದೊಡ್ಡವರು ಹೊರಟಿದ್ದಾರೋ ಒಳಗೆ ಬರುತ್ತಿದ್ದಾರೋ ಎಂಬುದು ಅಲ್ಲಿ ಗೊತ್ತಾಗುತ್ತದೆ.

ಬಿ.ಕಾಂ. ಓದುವವರು ಇನ್ನೊಂದು ಬಾಗಿಲನ್ನೂ ಗಮನಿಸಬಹುದು. ದೊಡ್ಡ ಆರ್ಡರುಗಳನ್ನು ನಿಭಾಯಿಸುವ ಡೀಲರ್, ಲೆಕ್ಕ ಒಪ್ಪಿಸುವ ಸೆಟ್ಲ್‌ಮೆಂಟ್, ನಿಯಮ ಪಾಲನೆ ನೋಡುವ ಕಂಪ್ಲಯನ್ಸ್ ಎಂದು ಷೇರುಪೇಟೆಯಲ್ಲಿ ತಿಂಗಳ ಸಂಬಳದ ಕೆಲಸಗಳಿವೆ. ಎನ್‌ಐಎಸ್‌ಎಂ ಸಂಸ್ಥೆಯ ಪ್ರಮಾಣಪತ್ರ ಪರೀಕ್ಷೆಗಳನ್ನು ಯಾವ ಊರಿನವರೂ ಬರೆಯಬಹುದು. ಸೂರತ್‌ನ ಹುಡುಗನೊಬ್ಬ ಆಲದ ಮರದ ಕೆಳಗೆ ಉಳಿದವರಿಗಿಂತ ಮುಂದೆ ಹೋಗಿದ್ದು ಕೈಯಲ್ಲಿ ಹಣವಿತ್ತೆಂದಲ್ಲ, ಬೇರೆಯವರಿಗೆ ಬಾರದ ಒಂದು ವಿದ್ಯೆ ಕಲಿತಿದ್ದರಿಂದ. ಕೋಚಿಂಗ್ ಹಣವನ್ನು ಆಪ್ಷನ್ಸ್‌ಗೆ ಹಾಕುವುದಕ್ಕಿಂತ ಅಂಥ ಒಂದು ಪರೀಕ್ಷೆಯ ಶುಲ್ಕಕ್ಕೆ ಹಾಕುವುದು ಎಷ್ಟೋ ವಾಸಿ.